ಕೊಬ್ಬರಿ ಹೋರಿಯ ನೇರಪ್ರಸಾರ

ಬಲಿಪಾಡ್ಯಮಿಯ ಹೋರಿಯನ್ನು ಹಿಂದಿನ ರಾತ್ರಿಯೇ ನೋಡುವ ಭಾಗ್ಯ ಹಾವೇರಿ ಜಿಲ್ಲೆಯಲ್ಲಿ ಇರುವವರಿಗಿಲ್ಲ. ಅದಕ್ಕೆ ಅಮೆರಿಕಕ್ಕೇ ಬರಬೇಕು. ಊರಲ್ಲಿ ಬೆಳಗಿನ ಹತ್ತಕ್ಕೆ ಅಖಾಡದ ಪೂಜೆ ಮುಗಿದು ಮೊದಲ ಹೋರಿ ಬಿಡುವ ಹೊತ್ತಿಗೆ ನಾನಿರುವ ಮಿನ್ನೆಸೋಟಾದಲ್ಲಿ ಹಿಂದಿನ ದಿನದ ರಾತ್ರಿ ಹನ್ನೊಂದೂವರೆ. ನವೆಂಬರ್ ತಿಂಗಳ ಮೊದಲ ಭಾನುವಾರ ಇಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಂದ ಮುಂದೆ ಹತ್ತೂವರೆ. ಈ ಗಡಿಯಾರ ತಿರುಗಿಸುವ ಪದ್ಧತಿ ಯಾರ ಉಪಕಾರಕ್ಕಾಗಿ ಬಂತೆಂದು ಇಲ್ಲಿ ವರ್ಷಕ್ಕೆರಡು ಸಲ ಚರ್ಚೆಯಾಗುತ್ತದೆ. ನನ್ನ ಮಟ್ಟಿಗೆ ಆ ಚರ್ಚೆ ಮುಗಿದಿದೆ. ದೀಪಾವಳಿ ಆದಮೇಲೆ ಊರೂರಿನಲ್ಲಿ ನಡೆಯುವ ಹೋರಿಗಳನ್ನು ನೋಡುವವರಿಗೆ ಒಂದು ತಾಸು ಹೆಚ್ಚು ನಿದ್ದೆ ಸಿಗಲೆಂದೇ ಇದನ್ನು ಮಾಡಿದ್ದಾರೆ.

ಹೋರಿ ಬೆದರಿಸುವುದು ಎಂದರೇನೆಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಹಾನಗಲ್, ಹಿರೇಕೆರೂರು, ಆಚೆಯ ಶಿಕಾರಿಪುರ, ಸೊರಬದವರಿಗೆ ಹೇಳಬೇಕಾಗಿಲ್ಲ. ಉಳಿದ ಕನ್ನಡಿಗರಿಗೆ ಹೇಳಬೇಕು. ಮೈಸೂರು ಕಡೆಯ ನನ್ನ ಹೆಂಡತಿಗಂತೂ ಪ್ರತಿ ವರ್ಷ ಹೊಸದಾಗಿ ಹೇಳಬೇಕು. ಮನೆಮಂದಿಗಿಂತ ಚೆನ್ನಾಗಿ ಮೇಯಿಸಿ, ಈಜಿಸಿ, ತಯಾರು ಮಾಡಿದ ಹೋರಿಯ ಕೋಡಿಗೆ ಬಣ್ಣ ಬಳಿಯುತ್ತಾರೆ. ಮೈಮೇಲೆ ಜೂಲ, ಕಾಲಿಗೆ ಗೆಜ್ಜೆ, ಕೋಡಿಗೆ ಬಲೂನು, ರಿಬ್ಬನ್ನು. ಕೊರಳಿಗೆ ಒಣಕೊಬ್ಬರಿ ಬಟ್ಟಲುಗಳನ್ನು ಪೋಣಿಸಿದ ಹಾರ. ಇಕ್ಕೆಲದಲ್ಲೂ ಕಟ್ಟಿಗೆಯ ಬೇಲಿ, ಬೇಲಿಯ ಹಿಂದೆ, ಬೇಲಿಯ ಮೇಲೆ, ಒಮ್ಮೊಮ್ಮೆ ಬೇಲಿಯ ಮುಂದೆಯೂ ಜನ. ನಡುವಿನ ದಾರಿಯಲ್ಲಿ ಹೋರಿ ಓಡಬೇಕು. ಅಲ್ಲಿ ಕಾದು ನಿಂತ ಪೈಲ್ವಾನರು ಕೊಬ್ಬರಿ ಕೀಳಬೇಕು. ಕೊಬ್ಬರಿ ಕೊಡದೆ ದಾಟಿದ ಹೋರಿಗೆ ಬಹುಮಾನ, ಕೊಬ್ಬರಿ ಕಿತ್ತವನಿಗೂ ಬಹುಮಾನ. ಹೋರಿಯ ಮಾಲೀಕನಿಗೆ ಬೈಕು, ಬಂಗಾರ, ಫ್ರಿಜ್ಜು. ಓಡಿದ್ದು ಮಾತ್ರ ಹೋರಿ. ಅದಕ್ಕೆ ಫ್ರಿಜ್ಜಿನಲ್ಲಿ ಇಡುವಂಥದ್ದೇನೂ ಇರುವುದಿಲ್ಲ.

"ಎಷ್ಟು ಹೊತ್ತು ಓಡುತ್ತೆ?" ಎಂದು ಹೆಂಡತಿ ಕೇಳುತ್ತಾಳೆ.

"ಕೆಲವು ಸೆಕೆಂಡು."

"ನೀವು ಎಷ್ಟು ಹೊತ್ತು ಕೂತಿರ್ತೀರಿ?"

ಈ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟ. ಬೆಳಗಾಗುವ ತನಕ ಎಂದರೆ ಆಕೆಗೆ ಸಿಟ್ಟು. ಸುಮ್ಮನಿದ್ದರೆ ಇನ್ನೂ ಸಿಟ್ಟು. ನೇರಪ್ರಸಾರವೆಂದು ಯೂಟ್ಯೂಬಿನಲ್ಲಿ ಬರುವ ಆರೇಳು ತಾಸಿನಲ್ಲಿ ಹೋರಿ ಓಡುವ ಹೊತ್ತನ್ನೆಲ್ಲ ಕೂಡಿಸಿದರೂ ಅರ್ಧ ತಾಸಿನ ಆಚೀಚೆ ಆದೀತು. ಉಳಿದದ್ದು ಕಾಯುವುದು. ಹೋರಿ ಬಂದಿರುವುದಿಲ್ಲ. ಬಂದಿದ್ದರೆ ಹಗ್ಗ ಬಿಚ್ಚಿರುವುದಿಲ್ಲ. ಹಗ್ಗ ಬಿಚ್ಚಿದರೆ ಅದು ಹಿಂದಕ್ಕೆ ತಿರುಗಿ ನಿಂತಿರುತ್ತದೆ. ಅದರ ಎದುರಿಗೆ ಅಭಿಮಾನಿಗಳು ಅದರದೇ ಫೋಟೋ ಇರುವ ಟೀ ಶರ್ಟ್ ಹಾಕಿಕೊಂಡು ಕುಣಿಯುತ್ತಿರುತ್ತಾರೆ. ತನ್ನ ಮುಖವನ್ನೇ ನೂರು ಹೊಟ್ಟೆಗಳ ಮೇಲೆ ನೋಡಿದ ಯಾವ ಪ್ರಾಣಿಗಾದರೂ ಓಡುವುದು ಮರೆತೀತು.

ಈ ಖಾಲಿ ಹೊತ್ತನ್ನೆಲ್ಲ ತುಂಬುವವನು ಮೈಕಿನವನು. ಅಖಾಡದ ನಿಜವಾದ ಪೈಲ್ವಾನ ಅವನೇ ಎಂದು ನನ್ನ ಅಭಿಪ್ರಾಯ. ಹೋರಿ ಒಮ್ಮೆ ಓಡಿ ಮನೆಗೆ ಹೋಗುತ್ತದೆ. ಇವನು ಬೆಳಗಿನಿಂದ ಸಂಜೆಯವರೆಗೆ ನಿಲ್ಲುವುದೇ ಇಲ್ಲ. "ಏ ತಮ್ಮಾ, ಕೆಂಪಂಗಿ, ಟ್ರ್ಯಾಕ್ಟರ್ ಮ್ಯಾಲಿಂದ ಇಳಿಯಪಾ, ಅದು ಹೋರಿ ನೋಡಾಕ ನಿಲ್ಸಿದ್ದಲ್ಲ, ಬೇಲಿಗೆ ಆಸರ ನಿಲ್ಸಿದ್ದು. ಬಿಳೇ ಬಣ್ಣದ ಗಾಡಿ ಯಾರದರೀ, ಆಂಬುಲೆನ್ಸ್ ಹಾದ್ಯಾಗ ಐತಿ, ಲಗೂನ ತಗೀರಿ. ತಾಯಂದಿರಾ, ಸಣ್ಣ ಹುಡುಗ್ರನ್ನ ಒಳಗ ಕರಕೋರಿ. ಈಗ ಬರೂದು ಯಾವ ಹೋರಿ ಅಂದ್ರ..." ಎಂದು ರಾಗ ಎಳೆದು, ಅಲ್ಲೇ ನಿಲ್ಲಿಸಿ, ಐನೂರ ಒಂದು ರೂಪಾಯಿ ದೇಣಿಗೆ ಕೊಟ್ಟ ಗೊಬ್ಬರದಂಗಡಿಯವರ ಹೆಸರು, ಅವರ ತಂದೆಯ ಹೆಸರು, ಅಂಗಡಿ ಇರುವ ಓಣಿ ಎಲ್ಲ ಹೇಳಿ ಮುಗಿಸುತ್ತಾನೆ. ಅಷ್ಟರಲ್ಲಿ ಹೋರಿ ಹಾದು ಹೋಗಿರುತ್ತದೆ. ಅದನ್ನೂ ಅವನೇ ಹೇಳುತ್ತಾನೆ: "ಹೋತ್ ನೋಡ್ರೀ!"

ಕ್ಯಾಮೆರಾ ಹಿಡಿದ ಹುಡುಗನೂ ಅಭಿಮಾನಿಯೇ. ಹೋರಿ ಹತ್ತಿರ ಬಂದ ಗಳಿಗೆಯಲ್ಲಿ ಕ್ಯಾಮೆರಾ ಆಕಾಶ ನೋಡುತ್ತದೆ, ಇಲ್ಲವೆ ನೆಲ ನೋಡುತ್ತದೆ. ಜೀವ ಉಳಿಸಿಕೊಳ್ಳುವವನನ್ನು ದೂರಲಾಗದು. ಈಚೆಗೆ ಡ್ರೋನ್ ಬಂದಿದೆ. ಅದರಲ್ಲಿ ನೋಡಿದರೆ ಜನಸಾಗರ ಕಾಣುತ್ತದೆ, ಹಂಚಿನ ಮನೆ, ಆರ್‌ಸಿಸಿ ಮನೆ, ಮಾಳಿಗೆಯ ಮೇಲೆ ಒಣಗಲು ಹಾಕಿದ ಬಟ್ಟೆ ಕಾಣುತ್ತವೆ, ಹೋರಿ ಕಾಣುವುದಿಲ್ಲ. ಜನ ಸೀಳಿಕೊಂಡು ಹೋಗುವ ಒಂದು ಗೆರೆ ಮಾತ್ರ ಕಾಣುತ್ತದೆ. ಸರಿಯಾಗಿ ಆ ಗೆರೆ ನಡುವಿಗೆ ಬಂದಾಗ ನೆಟ್‌ವರ್ಕ್ ಹೋಗಿ ಚಕ್ರ ತಿರುಗತೊಡಗುತ್ತದೆ. ಚಿತ್ರ ನಿಂತರೂ ದನಿ ಒಂದೆರಡು ಗಳಿಗೆ ಮುಂದುವರಿಯುವುದುಂಟು. ಹೀಗಾಗಿ ನಾನು ಈಚಿನ ವರ್ಷಗಳಲ್ಲಿ ಹೋರಿ ನೋಡಿದ್ದಕ್ಕಿಂತ ಕೇಳಿದ್ದೇ ಜಾಸ್ತಿ.

ಬೆಳಿಗ್ಗೆ ಎದ್ದರೆ ಅದೇ ಓಟಗಳನ್ನು ಕತ್ತರಿಸಿ, ಹಿಂದೆ ಸಿನಿಮಾ ಹಾಡು ಹಚ್ಚಿ, ನಿಧಾನಗತಿಯಲ್ಲಿ, ಅಂದವಾಗಿ ಹಾಕಿರುತ್ತಾರೆ. "ಅದನ್ನೇ ನೋಡಬಾರದೆ?" ಎನ್ನುತ್ತಾಳೆ ಹೆಂಡತಿ. ನೋಡಬಹುದು. ಆದರೆ ಅದರಲ್ಲಿ ಬಿಳಿ ಗಾಡಿ ತೆಗೆಯುವವರಿಲ್ಲ, ಗೊಬ್ಬರದಂಗಡಿಯವರಿಲ್ಲ. ಊರಲ್ಲಿದ್ದಾಗ ಬೇಲಿಯ ಹಿಂದೆ ನಿಂತು ಮಿರ್ಚಿ ತಿನ್ನುತ್ತ, ಯಾರದೋ ಹೆಗಲ ಮೇಲಿಂದ ಇಣುಕುತ್ತ, ಹೋರಿ ಬಿಟ್ಟು ಬೇರೆಲ್ಲವನ್ನೂ ಮಾತಾಡುತ್ತ ಕಳೆದ ಹೊತ್ತಿಗೆ ಬೆಲೆ ಇರಲಿಲ್ಲ. ದೂರ ಬಂದಮೇಲೆ ಬೇಕಾಗಿರುವುದು ಆ ಬೇಕಾಬಿಟ್ಟಿ ಹೊತ್ತೇ.

ಈ ಮಾತು ನನ್ನ ಹೆಂಡತಿಗಿಂತ ಮೊದಲು ಅರ್ಥವಾದದ್ದು ಪಕ್ಕದ ಮನೆಯ ಹಿರಿಯರಿಗೆ. ಅವರು ನಿವೃತ್ತ ಶಿಕ್ಷಕರು. ಸುಪೀರಿಯರ್ ಸರೋವರದ ದಂಡೆಯ ಡುಲುತ್ ಊರಿನಲ್ಲಿ, ಮಿನ್ನೆಸೋಟಾ ವಿಶ್ವವಿದ್ಯಾಲಯದ ಕಾಲೇಜಿನಲ್ಲಿ ಓದಿದವರು. ಆ ಕಾಲೇಜಿನ ಐಸ್ ಹಾಕಿ ತಂಡದ ಹೆಸರು ಬುಲ್‌ಡಾಗ್ಸ್. ಅಕ್ಟೋಬರದಲ್ಲಿ ಅವರ ಮನೆಯ ಮುಂದೆ ಆ ತಂಡದ ಕಡುಗೆಂಪು ಬಾವುಟ ಏರುತ್ತದೆ. ಬಣ್ಣ ಥೇಟ್ ನಮ್ಮ ಬ್ಯಾಡಗಿಯ ಡಬ್ಬಿ ಮೆಣಸಿನಕಾಯಿಯದು. ನಾನು ಅದನ್ನು ಮೆಚ್ಚಿ, ಇದು ನಮ್ಮೂರಿನ ಬಣ್ಣ, ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ ಎಂದೆ. ಅವರು ಕಣ್ಣರಳಿಸಿ, "2011! ಅದೇ ವರ್ಷ ನಾವು ಮೊದಲ ಸಲ ರಾಷ್ಟ್ರೀಯ ಚಾಂಪಿಯನ್ ಆದದ್ದು, ಮಿಶಿಗನ್ ವಿರುದ್ಧ, ಹೆಚ್ಚುವರಿ ಅವಧಿಯಲ್ಲಿ, 3-2" ಎಂದರು. ಸ್ನೇಹ ಬೆಳೆಯಲು ಇದಕ್ಕಿಂತ ಕಡಿಮೆ ಕಾರಣಗಳು ಸಾಕಾಗುತ್ತವೆ.

ಅವರ ಮಗಳು ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದಾಳೆ. ಅವಳೂ ಅದೇ ಕಾಲೇಜು, ಅದೇ ಬಾವುಟ. ಕಾಲೇಜು ಹಾಕಿ ಪಂದ್ಯಗಳು ಹೆಚ್ಚಾಗಿ ಶುಕ್ರವಾರ, ಶನಿವಾರ ರಾತ್ರಿ. ಇಲ್ಲಿ ಶುಕ್ರವಾರ ರಾತ್ರಿ ಏಳಕ್ಕೆ ಪಂದ್ಯ ಶುರುವಾದರೆ ಬೆಂಗಳೂರಿನಲ್ಲಿ ಶನಿವಾರ ಬೆಳಗಿನ ಆರೂವರೆ. ವಾರದ ರಜೆಯ ದಿನ ಇಡೀ ಬೆಂಗಳೂರು ಮುಸುಕೆಳೆದು ಮಲಗಿರುವಾಗ ಈ ಹುಡುಗಿ ಒಬ್ಬಳು ಎದ್ದು, ಕಾಫಿ ಹಿಡಿದು, ಇಪ್ಪತ್ತೇಳು ಡಿಗ್ರಿಯ ಊರಿನಲ್ಲಿ ಕುಳಿತು ಮಂಜುಗಡ್ಡೆಯ ಮೇಲಿನ ಆಟ ನೋಡುತ್ತಾಳೆ. ಒಂದು ಸಲ ಗೋಲು ಬಿದ್ದಾಗ ಕೂಗಿದ್ದಕ್ಕೆ ಕೆಳಗಿನ ಮನೆಯ ಅಜ್ಜಿ ಮೇಲೆ ಬಂದು, "ಏನಾಯ್ತಮ್ಮ, ಊರಲ್ಲಿ ಎಲ್ಲಾ ಚೆನ್ನಾಗಿದಾರಾ?" ಎಂದು ಕೇಳಿ, ಉಪ್ಪಿಟ್ಟು ಕೊಟ್ಟು ಹೋದರಂತೆ. ಇದನ್ನು ಅವಳ ತಂದೆ ನನಗೆ ಹೇಳುವಾಗ "ಉಪ್ಪಿಟ್ಟು" ಎಂಬುದನ್ನು ಬುಲ್‌ಡಾಗ್ಸ್ ತಂಡದ ಹೊಸ ಆಟಗಾರನ ಹೆಸರಿನಂತೆ ಉಚ್ಚರಿಸಿದರು.

ಒಂದು ಗೋಡೆಯ ಈಚೆ ನನ್ನ ಮನೆ, ಆಚೆ ಅವರ ಮನೆ. ನಾನು ರಾತ್ರಿ ಎಚ್ಚರವಿದ್ದು ಕರ್ನಾಟಕ ನೋಡುವುದು, ಅವರ ಮಗಳು ಬೆಳಿಗ್ಗೆ ಎದ್ದು ಕರ್ನಾಟಕದಿಂದ ಮಿನ್ನೆಸೋಟಾ ನೋಡುವುದು. ಇಬ್ಬರನ್ನೂ ಅದಲುಬದಲು ಮಾಡಿಬಿಟ್ಟರೆ ಎಲ್ಲರಿಗೂ ನಿದ್ದೆಯಾದರೂ ಆಗುತ್ತದೆ ಎಂದು ನನ್ನ ಹೆಂಡತಿಯ ಸಲಹೆ. ಸಲಹೆಯಲ್ಲಿ ತಪ್ಪಿಲ್ಲ. ಆದರೆ ಊರಿಗೆ ಹೋದಾಗ ನಾನು ಏನು ಮಾಡುತ್ತೇನೆ ಗೊತ್ತೆ? ಅಖಾಡಕ್ಕೆ ಹೋಗಿ ಅರ್ಧ ತಾಸು ನಿಂತು, ಬಿಸಿಲು ಎಂದು ಮನೆಗೆ ಬಂದು, ಫ್ಯಾನ್ ಕೆಳಗೆ ಕುಳಿತು ಮೊಬೈಲಿನಲ್ಲಿ ಲೈವ್ ಹಚ್ಚುತ್ತೇನೆ. ಕಿಟಕಿಯಿಂದ ಬರುವ ಮೈಕಿನ ದನಿಗೂ ಮೊಬೈಲಿನ ದನಿಗೂ ಅರ್ಧ ನಿಮಿಷದ ಅಂತರ. ಕಿಟಕಿಯಲ್ಲಿ ಹೋರಿ ಹೋದಮೇಲೆ ಮೊಬೈಲಿನಲ್ಲಿ ಬರುತ್ತದೆ. ಫಲಿತಾಂಶ ಮೊದಲೇ ಗೊತ್ತಿದ್ದೂ ಎದೆ ಬಡಿದುಕೊಳ್ಳುವ ಸುಖ ಅದೊಂದೇ ಕಡೆ ಸಿಕ್ಕಿದ್ದು.

ಹಿರಿಯರು ನನಗೆ ಐಸ್ ಹಾಕಿಯ ನಿಯಮ ಕಲಿಸಲು ನೋಡಿದರು. ಇಪ್ಪತ್ತು ನಿಮಿಷದ ಮೂರು ಅವಧಿ. ನಡುವೆ ಎರಡು ಬಿಡುವು. ಬಿಡುವಿನಲ್ಲಿ ಜಾಂಬೋನಿ ಎಂಬ ದೊಡ್ಡ ಗಾಡಿ ಬಂದು ಗೀರು ಬಿದ್ದ ಮಂಜುಗಡ್ಡೆಯನ್ನು ಸವರಿ, ನೀರು ಹಾಕಿ, ನುಣುಪು ಮಾಡಿ ಹೋಗುತ್ತದೆ. ನನಗೆ ಆಟಕ್ಕಿಂತ ಆ ಗಾಡಿಯೇ ಹಿಡಿಸಿತು. ಆಡುವ ಪಕ್ ಎಂಬ ಕರಿಯ ಬಿಲ್ಲೆ ಎಲ್ಲಿದೆಯೋ ನನಗೆ ಎಂದೂ ಕಂಡಿಲ್ಲ. ಜಾಂಬೋನಿ ಮಾತ್ರ ಯಾವ ನೆಟ್‌ವರ್ಕಿನಲ್ಲೂ ಕಾಣುತ್ತದೆ, ನೆಲ ಹದ ಮಾಡುವ ಟ್ರ್ಯಾಕ್ಟರಿನ ಗಾಂಭೀರ್ಯದಿಂದ ಬರುತ್ತದೆ, ಯಾರನ್ನೂ ತಿವಿಯುವುದಿಲ್ಲ. ಅವರಿಗೆ ನಾನು ಹೋರಿಯ ನಿಯಮ ಹೇಳಿದೆ. ಅವರು ಗಂಭೀರವಾಗಿ ಕೇಳಿದರು: "ಗೋಲು ಎಲ್ಲಿ?" ಇಲ್ಲ. "ಎದುರಾಳಿ ತಂಡ?" ಇಡೀ ಊರು. "ಹೋರಿಗೆ ನಿಯಮ ಗೊತ್ತಿದೆಯೆ?" ಅದೊಂದಕ್ಕೇ ಗೊತ್ತಿರುವುದು ಎಂದೆ. ಅವರಿಗೆ ಹಾಸ್ಯ ಹಿಡಿಸಿತು. ಆಮೇಲೆ ಒಂದು ಓಟ ತೋರಿಸಿದೆ. ಹುಡುಗನೊಬ್ಬ ಕೋಡಿನ ಬದಿಗೆ ನೇತುಬಿದ್ದು ಎಳೆಸಿಕೊಂಡು ಹೋದದ್ದನ್ನು ನೋಡಿ ಅವರ ಮುಖ ಸಪ್ಪಗಾಯಿತು. "ಇವರಿಗೆ ಹೆಲ್ಮೆಟ್ ಇಲ್ಲವೆ?" ಎಂದರು.

ಹಾಸ್ಯಕ್ಕೆ ಸಿಗದ ಜಾಗ ಇದು. ನೋಡಲು ಬಂದವರು, ದಾರಿಯಲ್ಲಿ ಹೊರಟವರು ಕೂಡ ತಿವಿತಕ್ಕೆ ಸಿಗುತ್ತಾರೆ. 2025ರ ದೀಪಾವಳಿಯಲ್ಲಿ ನಮ್ಮ ಜಿಲ್ಲೆಯಲ್ಲಿ ಹೋರಿ ತಿವಿದು ಜನ ಸತ್ತರು. ಅವರಲ್ಲಿ ವಯಸ್ಸಾದವರೂ ಇದ್ದರು. ಅಂಥ ದಿನ ನೇರಪ್ರಸಾರದಲ್ಲಿ ಮೈಕಿನವನು ಕಿರುಚಿಕೊಳ್ಳುವುದು "ಆಂಬುಲೆನ್ಸ್ ಹಾದಿ ಬಿಡ್ರೀ" ಎಂದಾದರೆ, ಈ ಕಡೆ ಹಾಸಿಗೆಯಲ್ಲಿ ಕುಳಿತವನಿಗೆ ಮಾಡಲು ಏನೂ ಇರುವುದಿಲ್ಲ. ನಮ್ಮ ಅಪ್ಪ ನನ್ನನ್ನು ಅಖಾಡದೊಳಗೆ ಕಾಲಿಡಲು ಬಿಟ್ಟಿರಲಿಲ್ಲ. "ನೋಡು, ಬ್ಯಾಡ ಅನ್ನಂಗಿಲ್ಲ. ಆದ್ರ ಮಾಳಿಗಿ ಮ್ಯಾಲಿಂದ ನೋಡು" ಎನ್ನುತ್ತಿದ್ದರು. ಮಾಳಿಗೆಯಿಂದ ನೋಡುತ್ತ ನೋಡುತ್ತ ಮಿನ್ನೆಸೋಟಾದವರೆಗೂ ಹಿಂದೆ ಸರಿದಿದ್ದೇನೆ. ಗಟ್ಟಿ ಬೇಲಿ ಕಟ್ಟಬೇಕು, ಅಖಾಡ ಓಣಿಯಿಂದ ಹೊರಗಿರಬೇಕು, ಕುಡಿದವರನ್ನು ಒಳಗೆ ಬಿಡಬಾರದು ಎಂಬುದು ನನ್ನ ಖಚಿತ ಮತ. ದೂರ ಇದ್ದು ಹೇಳುವವರ ಮತಕ್ಕೆ ಸಿಗುವಷ್ಟು ಮರ್ಯಾದೆ ಅದಕ್ಕೂ ಸಿಗುತ್ತದೆ.

ಕೋರ್ಟಿನ ಕಥೆಯೂ ಇದೆ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟನ್ನು ನಿಷೇಧಿಸಿದಾಗ ಅದರ ಬಿಸಿ ನಮ್ಮ ಕಡೆಯ ಹೋರಿಗಳಿಗೂ ತಟ್ಟಿತ್ತು. ಆಮೇಲೆ ರಾಜ್ಯಗಳು ಕಾಯ್ದೆ ತಿದ್ದಿದವು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಅಂದು ಊರಿನಿಂದ ಫೋನ್ ಮಾಡಿದ ನನ್ನ ತಮ್ಮ, ತೀರ್ಪಿನ ಸಾರವನ್ನು ಒಂದೇ ಮಾತಿನಲ್ಲಿ ಹೇಳಿದ: "ಅಣ್ಣಾ, ನಮ್ಮ ಹೋರಿ ಗೆದ್ದತಿ." ತಮಿಳುನಾಡಿನದೋ ಮಹಾರಾಷ್ಟ್ರದ್ದೋ ಅವನಿಗೆ ಸಂಬಂಧವಿಲ್ಲ.

ಹಾಗೆ ನೋಡಿದರೆ ದನ ಹಿಡಿಯುವ ಈ ಹುಚ್ಚು ನಮಗೆ ಹೊಸದಲ್ಲ. ಜಿಲ್ಲೆಯ ತುಂಬ ಗುಡಿಯ ಹಿಂದೆ, ಕೆರೆ ಏರಿಯ ಮೇಲೆ ತುರುಗಾಳಗದ ವೀರಗಲ್ಲುಗಳಿವೆ. ದನ ಬಿಡಿಸಲು ಹೋಗಿ ಸತ್ತವರನ್ನು ಅದರಲ್ಲಿ ಅಪ್ಸರೆಯರು ಎತ್ತಿಕೊಂಡು ಹೋಗುತ್ತಿರುತ್ತಾರೆ. ಅಂದು ದನಕ್ಕೆ ಬಡಿದಾಡಿದವನಿಗೆ ಕಲ್ಲು, ಇಂದು ಬೈಕು. ಹೋರಿಗೂ ಮರಣೋತ್ತರ ಮರ್ಯಾದೆ ಕಡಿಮೆಯಿಲ್ಲ. ಹೆಸರು ಮಾಡಿದ ಹೋರಿ ಸತ್ತರೆ ಟ್ರ್ಯಾಕ್ಟರಿನಲ್ಲಿ ಮೆರವಣಿಗೆ, ಸುತ್ತಲಿನ ಹಳ್ಳಿಗಳಿಂದ ಜನ, ಹೊಲದಲ್ಲಿ ಮಣ್ಣು, ಊರ ತುಂಬ ಫ್ಲೆಕ್ಸು.

ಇದರ ನಡುವೆ ದೇವರಗುಡ್ಡದ ಕಾರ್ಣಿಕದ, ಅಂದರೆ ಅಲ್ಲಿಯ ಭವಿಷ್ಯವಾಣಿಯ, ಮಾತು ಹೇಳಬೇಕು, ಯಾಕೆಂದರೆ ಅದೂ ಈಗ ಮೊಬೈಲಿಗೆ ಬರುತ್ತದೆ. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಎನ್ನುತ್ತಾನೆ. ಅಷ್ಟು ದೊಡ್ಡ ಜನಸ್ತೋಮ ತಟ್ಟನೆ ಮೌನವಾಗುತ್ತದೆ. ಒಂದು ವಾಕ್ಯ ನುಡಿದು ಅವನು ಬಿಲ್ಲಿನಿಂದ ಕೆಳಗೆ ಬೀಳುತ್ತಾನೆ, ಮುಗಿಯಿತು. ಆ ಒಂದು ವಾಕ್ಯಕ್ಕೆ ಬೆಳಗಿನಿಂದ ಕಾದವರ ಮಕ್ಕಳು ನಾವು. ಹೋರಿಗೆ ಆರು ತಾಸು ಕಾಯುವುದು ನಮಗೆ ದೊಡ್ಡದಲ್ಲ. ಆ ವಾಕ್ಯದ ಅರ್ಥವನ್ನು ವರ್ಷವಿಡೀ ಮಳೆ, ಬೆಳೆ, ಚುನಾವಣೆ ಎಲ್ಲಕ್ಕೂ ಹೊಂದಿಸುತ್ತ ಕೂಡುತ್ತೇವೆ. ಸೋಮವಾರ, ಗುರುವಾರ ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ನೋಡುವುದೂ ನನ್ನ ಇಂಥದೇ ಇನ್ನೊಂದು ಚಟ. ನಮಗೀಗ ಒಂದೆಕರೆ ಮೆಣಸಿನಗಿಡವೂ ಇಲ್ಲ. ಡಬ್ಬಿಗೆ ದರ ಏರಿದರೆ ಮಾತ್ರ ಮೀಟಿಂಗಿನಲ್ಲಿ ನನ್ನ ದನಿ ಏರುತ್ತದೆ ಎಂದು ಜೊತೆಯವರು ಗುರುತಿಸಿದ್ದಾರೆ.

ಈ ಸಲದ ಚಳಿಗಾಲದಲ್ಲಿ ಗೋಡೆಯ ಎರಡೂ ಕಡೆ ಒಂದೇ ಬಗೆಯ ಸಂಕಟ ಬಂತು. ಪಕ್ಕದ ಮನೆಯ ಹಿರಿಯರು ಮೆಚ್ಚಿಕೊಂಡಿದ್ದ ಆಟಗಾರನೊಬ್ಬ ಬುಲ್‌ಡಾಗ್ಸ್ ಬಿಟ್ಟು ಬೇರೆ ಕಾಲೇಜಿಗೆ ಹೋದ. ಈಗ ಕಾಲೇಜು ಹಾಕಿಯಲ್ಲಿ ಹುಡುಗರು ವರ್ಷ ಕಳೆಯುವುದರೊಳಗೆ ಕಾಲೇಜು ಬದಲಿಸಬಹುದಂತೆ, ಅದಕ್ಕೊಂದು ವ್ಯವಸ್ಥೆಯೇ ಇದೆಯಂತೆ. "ನಾಲ್ಕು ವರ್ಷ ಒಂದು ಅಂಗಿ ಹಾಕಿಕೊಳ್ಳಲು ಆಗುವುದಿಲ್ಲವೆ?" ಎಂದು ಅವರು ಹಿಮ ಎತ್ತುವ ಸಲಿಕೆಯನ್ನು ನೆಲಕ್ಕೆ ಕುಟ್ಟಿ ಕೇಳಿದರು. ಅದೇ ವಾರ ನಮ್ಮ ಓಣಿಯ ಹೋರಿಯನ್ನು ಅದರ ಮಾಲೀಕ ಶಿಕಾರಿಪುರದ ಕಡೆಯವರಿಗೆ ಮಾರಿದ. ಹೋರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಹಿಂದಿನ ಓಣಿಯವರು ತಮ್ಮದನ್ನೂ ಬರೆಯಿರೆಂದು ಗಂಟುಬೀಳುತ್ತಾರೆ. ಸಿನಿಮಾದ ಹೆಸರೊಂದು, ಅದರ ಮುಂದೊಂದು ನಂಬರು ಎಂದರೆ ಸಾಕು.

ಮಾರಿದ ದರ ಲಕ್ಷದ ಲೆಕ್ಕದ್ದು. ಮಾಲೀಕನ ಮಗಳ ಮದುವೆ ಇತ್ತು, ಮಾರಿದ್ದರಲ್ಲಿ ತಪ್ಪಿಲ್ಲ. ಆದರೆ ಮುಂದಿನ ವಾರ ಬೇರೆ ಊರಿನ ಅಖಾಡದಲ್ಲಿ ಅದೇ ಹೋರಿ, ಅದೇ ಕೋಡು, ಬೇರೆ ಬಣ್ಣದ ಜೂಲ ಹೊದ್ದು ಓಡಿತು. ನಾನು ಯಾರ ಕಡೆ ಇರಬೇಕು? ಹೋರಿಯ ಕಡೆಯೋ, ನಮ್ಮೂರ ಪೈಲ್ವಾನರ ಕಡೆಯೋ? ಹಿರಿಯರನ್ನು ಕೇಳಿದೆ. ಅವರು ಬಹಳ ಯೋಚಿಸಿ, "ನಮ್ಮ ಹುಡುಗ ಬೇರೆ ಕಾಲೇಜಿಗೆ ಆಡುತ್ತ ನಮ್ಮ ಮೇಲೆ ಗೋಲು ಹೊಡೆದರೆ ನಾನು ಚಪ್ಪಾಳೆ ತಟ್ಟುವುದಿಲ್ಲ. ಆದರೆ ನನ್ನ ಮಗಳು ತಟ್ಟುತ್ತಾಳೆ" ಎಂದರು. ಅವರ ಮನೆಯಲ್ಲೇ ಈ ಪ್ರಶ್ನೆ ತೀರ್ಮಾನವಾಗಿಲ್ಲ ಎಂದಮೇಲೆ ನನ್ನದು ಯಾವ ಲೆಕ್ಕ. ನಡುರಾತ್ರಿ ಹೋರಿ ಬಂತು. ನಮ್ಮೂರ ಹುಡುಗನೇ ಅದರ ಕೊಬ್ಬರಿಗೆ ಕೈ ಹಾಕಿದ. ಮೈಕಿನವನು ಉಸಿರು ಎಳೆದುಕೊಂಡ. ಚಕ್ರ ತಿರುಗತೊಡಗಿತು.

ತಮ್ಮನಿಗೆ ಫೋನ್ ಹಚ್ಚಿದೆ.

"ಏನಾತಲೇ?"

"ನೀ ಇನ್ನೂ ಮಲ್ಕೊಂಡಿಲ್ಲೇನು?" ಎಂದ. ಹಿನ್ನೆಲೆಯಲ್ಲಿ ಹಲಗೆ, ಸೀಟಿ, ಗದ್ದಲ. "ಕೊಬ್ಬರಿ ಹರೀತು, ಅರ್ಧಾ ಅವನ ಕೈಯಾಗ, ಅರ್ಧಾ ಹೋರಿ ಕೊಳ್ಳಾಗ. ಪಂಚರು ಮಾತಾಡಾಕತ್ತಾರ. ಅದಿರ್ಲಿ ಬಿಡು. ಹೋರಿ ಹೋದ್ರ ಹೋಗ್ಲಿ, ಹೆಸರು ನಾವು ಕೊಟ್ಟಿಲ್ಲ. ಓಣ್ಯಾಗ ಪಟ್ಟಿ ಎತ್ತಿ ಒಂದು ಕರ ತಂದೀವಿ. ಅದ ಹೆಸರು, ಅದ ನಂಬರು. ಮುಂದಿನ ದೀಪಾವಳಿಗಿ ಬಿಡಾಕ ಆಗಂಗಿಲ್ಲ, ಅದರ ಮುಂದಿನದಕ್ಕ ನೋಡೂಣು. ಟೀ ಶರ್ಟ್ ಮಾತ್ರ ಈಗ ಹೊಲಿಸಾಕ ಕೊಡಾಕತ್ತೀವಿ. ನಿನ್ನ ಸೈಜ್ ಹೇಳು."

"ಎಕ್ಸ್ ಎಲ್" ಎಂದೆ. ಪಕ್ಕದ ಮನೆಯ ದೀಪ ಇನ್ನೂ ಉರಿಯುತ್ತಿತ್ತು. "ಇನ್ನೊಂದು ಡಬಲ್ ಎಕ್ಸ್ ಎಲ್ ಇರಲಿ. ಬಣ್ಣ ಕಡುಗೆಂಪು ಇದ್ರ ಚಲೋ."

"ಅದು ಯಾರಿಗೋ?"

"ಇಲ್ಲೊಬ್ರು ಮಾಸ್ತರ್ ಅದಾರ" ಎಂದೆ. "ಬೆಂಗಳೂರಾಗ ಅವರ ಮಗಳು ಅದಾಳ, ಅಕಿ ಸೈಜ್ ಕೇಳಿ ಹೇಳ್ತೀನಿ ತಡಿ."